ಗಣಿಯೂರಿನ ಜಾಮು

ಬಂಗಾರಪೇಟೆಯ ಸಂತೆಯಲ್ಲಿ ಸೀಬೆಹಣ್ಣು ಮಾರುವ ಹೆಂಗಸು "ಜಾಮಕಾಯ, ಜಾಮಕಾಯ" ಎಂದು ಕೂಗುತ್ತಿದ್ದಳು. ನಮ್ಮದು ಗಡಿ ಸೀಮೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬುಟ್ಟಿಯಲ್ಲಿ ಸಿಗುತ್ತವೆ. ತೆಲುಗಿನಲ್ಲಿ ಸೀಬೆಗೆ ಜಾಮ ಎನ್ನುತ್ತಾರೆ. ಮನೆಯಲ್ಲಿ ಅಮ್ಮ ಆ ಹಣ್ಣಿನಿಂದಲೇ ಜಾಮು ಮಾಡುತ್ತಿದ್ದಳು. ಜಾಮಹಣ್ಣಿನಿಂದ ಮಾಡಿದ್ದಕ್ಕೇ ಅದು ಜಾಮು ಎಂದು ನಾನು ಎಂಟು ಹತ್ತು ವರ್ಷದವರೆಗೂ ನಂಬಿದ್ದೆ. ಒಮ್ಮೆ ಅಂಗಡಿಯಲ್ಲಿ ಕೆಂಪಗೆ ಹೊಳೆಯುವ ಮಿಕ್ಸೆಡ್ ಫ್ರೂಟ್ ಜಾಮ್ ಕಂಡು, ಸೀಬೆಯ ಚಿತ್ರವೇ ಇಲ್ಲದ ಇದನ್ನು ಜಾಮು ಎಂದು ಮಾರುವುದು ಮೋಸವೆಂದು ಅಪ್ಪನಿಗೆ ದೂರು ಹೇಳಿದ್ದೆ. ಅಪ್ಪ ಮಂಡಿಯಲ್ಲಿ ಲೆಕ್ಕ ಬರೆಯುವವರು. "ಪೇಟೆಯಲ್ಲಿ ಇರುವುದೆಲ್ಲ ಅಂಥದ್ದೇ" ಎಂದು ನಕ್ಕು ಸುಮ್ಮನಾದರು.

ನಮ್ಮ ಬೀದಿಯಲ್ಲಿ ಜಾಮು ಮಾಡುತ್ತಿದ್ದವಳು ಅಮ್ಮ ಒಬ್ಬಳೇ. ಹಾಗೆಂದು ಹಣ್ಣನ್ನು ಸಿಹಿಯಲ್ಲಿ ಕಾದಿಡುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದವರು ಬೆಲ್ಲ ಹಾಕಿ ಮಾವಿನಕಾಯಿಯ ಗುಳಂಬ ಮಾಡುತ್ತಾರೆ. ಕರಾವಳಿಯಲ್ಲಿ ಮಾವಿನ ರಸವನ್ನು ಚಾಪೆಯ ಮೇಲೆ ಒಣಗಿಸಿ ಮಾಂಬಳ ಮಾಡುತ್ತಾರೆ. ಮುಸಲ್ಮಾನರ ಮನೆಗಳಲ್ಲಿ ಮುರಬ್ಬ ಇದ್ದೇ ಇದೆ. ಆದರೆ ಸೀಬೆಯನ್ನು ಸಕ್ಕರೆಯಲ್ಲಿ ಕುದಿಸಿ, ಗಾಜಿನ ಬಾಟಲಿಗೆ ತುಂಬಿ, ಬ್ರೆಡ್ಡಿಗೆ ಸವರಿ ಕೊಡುವುದು ನಮ್ಮ ಬೀದಿಗೆ ವಿಚಿತ್ರವಾಗಿತ್ತು. ಬ್ರೆಡ್ಡು ಎಂದರೆ ಜ್ವರ ಬಂದವರು ತಿನ್ನುವ ಪದಾರ್ಥವಾಗಿದ್ದ ಕಾಲವದು. ನಾವು ಚಪಾತಿಗೆ, ದೋಸೆಗೆ, ಕೊನೆಗೆ ರಾಗಿರೊಟ್ಟಿಗೂ ಜಾಮು ಸವರಿಕೊಂಡು ತಿನ್ನುತ್ತಿದ್ದೆವು.

ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ಅಮ್ಮ "ಯಾವುದೋ ಪತ್ರಿಕೆಯಲ್ಲಿ ಬಂದಿತ್ತು" ಅನ್ನುತ್ತಿದ್ದಳು. ಆದರೆ ಅವಳ ಕೆಲವು ಪದ್ಧತಿಗಳು ಯಾವ ಪತ್ರಿಕೆಯಲ್ಲೂ ಬರುವಂಥವಲ್ಲ. ಜಾಮು ಕುದಿಯುವಾಗ ಪಿಂಗಾಣಿಯ ಸಾಸರೊಂದನ್ನು ಮಣ್ಣಿನ ಹೂಜಿಯ ಪಕ್ಕದಲ್ಲಿ ತಣ್ಣಗೆ ಇಟ್ಟಿರುತ್ತಿದ್ದಳು. ಒಂದು ಹನಿ ಅದರ ಮೇಲೆ ಬಿಟ್ಟು, ತಣಿದ ಮೇಲೆ ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡುವಳು. ಹನಿಯ ಮೈಮೇಲೆ ಸುಕ್ಕು ಮೂಡಿದರೆ ಒಲೆ ಆರಿಸುವಳು, ಹರಿದುಹೋದರೆ ಮತ್ತೆ ಕೈಯಾಡಿಸುವಳು. ತುಂಬಿದ ಬಾಟಲಿಗಳನ್ನು ಎಂದೂ ಗೂಡಿನಲ್ಲಿ ಇಡುತ್ತಿರಲಿಲ್ಲ. ನೆಲದ ಮೇಲೆ, ಮೂಲೆಯಲ್ಲಿ, ಸುತ್ತ ಹುಲ್ಲು ಒತ್ತರಿಸಿ ಇಡುತ್ತಿದ್ದಳು. "ಇರುವೆಗೆ ನೈವೇದ್ಯ ಇಟ್ಟ ಹಾಗೆ" ಎಂದು ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಗೊಣಗುತ್ತಿದ್ದಳು. ಅಮ್ಮ ಬಾಟಲಿಗಳ ಸುತ್ತ ಅರಿಸಿನ ಚೆಲ್ಲಿ ಸುಮ್ಮನಾಗುವಳೇ ಹೊರತು ಮೇಲೆ ಎತ್ತಿಡುತ್ತಿರಲಿಲ್ಲ. ಮೂರನೆಯದು, ಒಣಗಿಸಿಟ್ಟ ಹೇರಳೆಕಾಯಿಯ ಸಿಪ್ಪೆ. ಅದನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಒಂದು ಚಿಟಿಕೆಯಷ್ಟನ್ನು ಸೀಬೆಯ ಜೊತೆ ಕುದಿಸುತ್ತಿದ್ದಳು. ಹಾಗಾಗಿ ನಮ್ಮ ಮನೆಯ ಜಾಮನ್ನು ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಕಹಿ ಉಳಿಯುತ್ತಿತ್ತು.

ಅಮ್ಮನ ತವರು ಕೆ.ಜಿ.ಎಫ್. ಬಂಗಾರಪೇಟೆಯಿಂದ ರೈಲಿನಲ್ಲಿ ಹತ್ತು ಮೈಲಿ. ಈ ಹತ್ತು ಮೈಲಿಯ ಚರಿತ್ರೆಯನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂದು ಹೆಸರಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು. ಬೆಂಗಳೂರಿನಲ್ಲಿ ನೆಲೆಸಿದ್ದ ಲ್ಯಾವೆಲ್ ಎಂಬ ಐರಿಷ್ ಸಿಪಾಯಿ 1871ರಲ್ಲಿ ಚಿನ್ನ ಹುಡುಕಿಕೊಂಡು ಈ ಕಡೆ ಬಂದ. ಅವನ ಕೈಗೆ ಚಿನ್ನ ಹತ್ತಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿಗಳು ನಿಜವಾಗಿ ತಲೆಯೆತ್ತಿದವು. 1894ರಲ್ಲಿ ಮಾರಿಕುಪ್ಪಮ್‌ವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲೇ ನಮ್ಮ ಗಣಿಗಳು ವಿದ್ಯುತ್ ಕಂಡವು ಎಂದು ಹೇಳುವಾಗ ಮಕ್ಕಳ ಮುಖ ಅರಳುತ್ತದೆ. ನನ್ನದೂ.

ಈ ಪಾಠದಲ್ಲಿ ಅಡಿಗೆಮನೆ ಬರುವುದಿಲ್ಲ. ಯಾವ ಪಾಠದಲ್ಲಿ ಬರುತ್ತದೆ ಹೇಳಿ? ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು, ಎಂಜಿನಿಯರುಗಳು, ಅವರ ಹೆಂಡಿರು ಮಕ್ಕಳು ಇಲ್ಲಿಗೆ ಬಂದು ನೆಲೆಸಿದರು. ಬಂಗಲೆ, ಹೂದೋಟ, ಕ್ಲಬ್ಬು, ಚರ್ಚು ಎಲ್ಲ ಎದ್ದು, ಈ ಊರಿಗೆ ಪುಟ್ಟ ಇಂಗ್ಲೆಂಡು ಎಂಬ ಹೆಸರು ಬಂತು. ಬೆಳಗಿನ ತಿಂಡಿಗೆ ಅವರಿಗೆ ಬ್ರೆಡ್ಡು, ಬೆಣ್ಣೆ ಮತ್ತು ಜಾಮು ಬೇಕೇ ಬೇಕು. ಆದರೆ ಅವರ ಊರಿನ ಸ್ಟ್ರಾಬೆರಿ, ಪ್ಲಮ್ಮು ಈ ಬಿಸಿಲಿನಲ್ಲಿ ಎಲ್ಲಿ ಬೆಳೆಯಬೇಕು? ಇಲ್ಲಿ ಬೆಳೆಯುವುದು ಸೀಬೆ, ಮಾವು, ಪರಂಗಿ, ನೇರಳೆ, ಸೀತಾಫಲ. ಹಡಗಿನಲ್ಲಿ ಬರುವ ಡಬ್ಬದ ಜಾಮು ದುಬಾರಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹಡಗಿಗೇ ನೆಚ್ಚಿಕೆಯಿಲ್ಲದ ಹಾಗಾಯಿತು. ಹೀಗೆ ಸಂತೆಯ ಸೀಬೆಹಣ್ಣು ಬಂಗಲೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ ಜಾಮಾಗಿ ಊಟದ ಮೇಜಿಗೆ ಬಂತು.

ಸೀಬೆಯಾದರೂ ನಮ್ಮದೇ ಹಣ್ಣೇನಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶದ ಈ ಗಿಡವನ್ನು ಪೋರ್ಚುಗೀಸರು ನಮ್ಮ ದೇಶಕ್ಕೆ ತಂದರು. ನಮ್ಮಲ್ಲಿ ಕೆಲವರು ಸೀಬೆಗೆ ಪೇರಳೆ, ಪೇರಲ ಎನ್ನುತ್ತೇವಲ್ಲ, ಅದರ ಮೂಲ ಪೋರ್ಚುಗೀಸರ ‘ಪೇರ’. ಅವರ ದೇಶದಲ್ಲಿ ಮಾರ್ಮೆಲೊ ಎಂಬ ಹಣ್ಣನ್ನು ಸಕ್ಕರೆಯಲ್ಲಿ ಕುದಿಸಿ ಗಟ್ಟಿ ಮಾಡುತ್ತಿದ್ದರು. ಮಾರ್ಮಲೇಡ್ ಎಂಬ ಮಾತು ಹುಟ್ಟಿದ್ದು ಅದರಿಂದ. ಗೋವೆಯಲ್ಲಿ ಆ ಹಣ್ಣು ಸಿಗದೆ ಸೀಬೆಯಿಂದ ಅದೇ ಬಗೆಯ ಸಿಹಿ ಮಾಡಿದರು. ಕ್ರಿಸ್ಮಸ್ಸಿಗೆ ನಮ್ಮ ಕೆ.ಜಿ.ಎಫ್.ನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಬರ್ಫಿಯ ಹಾಗೆ ಕತ್ತರಿಸಿ ಹಂಚುತ್ತಿದ್ದ ಗ್ವಾವಾ ಚೀಸ್ ಅದರ ನೆಂಟನೇ. ಹೆಸರು ಕೇಳಿ ಹಾಲಿನ ಪದಾರ್ಥ ಎಂದುಕೊಳ್ಳಬೇಡಿ, ಸೀಬೆಯ ಹಲ್ವ ಎನ್ನಬಹುದು. ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬ್ರಿಜೆಟ್ ವೈಟ್-ಕುಮಾರ್ ಅವರು ಆಂಗ್ಲೋ-ಇಂಡಿಯನ್ ಅಡಿಗೆಯ ಬಗ್ಗೆ ಹಲವು ಪುಸ್ತಕಗಳನ್ನೂ ಗಣಿಯೂರಿನ ನೆನಪುಗಳ ಪುಸ್ತಕವೊಂದನ್ನೂ ಬರೆದಿದ್ದಾರೆ. ಅವರಂಥವರು ಬರೆದಿಟ್ಟದ್ದರಿಂದ ಆ ಮನೆಗಳ ರುಚಿ ಉಳಿಯಿತು.

ಬಂಗಲೆಯ ದೊರೆಸಾನಿಯರಿಗೂ ಪುಸ್ತಕಗಳಿದ್ದವು. 1888ರಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬ ಇಬ್ಬರು ಹೆಂಗಸರು, ಹಿಂದೂಸ್ತಾನಕ್ಕೆ ಬಂದ ಆಂಗ್ಲ ಗೃಹಿಣಿ ಮನೆ ನಡೆಸುವುದು ಹೇಗೆಂದು ದಪ್ಪ ಪುಸ್ತಕವನ್ನೇ ಬರೆದರು. ಆಳುಗಳನ್ನು ಅಂಕೆಯಲ್ಲಿಡುವ ಬಗೆ, ಉಗ್ರಾಣದಿಂದ ದಿನದಿನದ ಸಾಮಾನನ್ನು ಅಳೆದು ಕೊಡುವ ಬಗೆ ಎಲ್ಲ ಅದರಲ್ಲಿದೆ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂದು ಇಂಥ ಪುಸ್ತಕಗಳಿಂದ ತಿಳಿಯುತ್ತದೆ. ಸೌಟು ಯಾರ ಕೈಯಲ್ಲಿತ್ತು ಎಂಬುದು ಮಾತ್ರ ಬೇರೆ ಕಡೆ ಹುಡುಕಬೇಕಾದ ಸಂಗತಿ. ನನಗೆ ಅದು ತಿಳಿದದ್ದು ರೈಲಿನಲ್ಲಿ.

ಅದಕ್ಕೆ ಮೊದಲು ಸಕ್ಕರೆಯ ಮಾತೊಂದು ಹೇಳಬೇಕು. ಜಾಮು ಎಂದರೆ ಹಣ್ಣು ಎಂದು ನಾವು ತಿಳಿದಿದ್ದೇವೆ, ಆದರೆ ಅದರಲ್ಲಿ ಹಣ್ಣಿಗೆ ಸರಿಸಮ ಸಕ್ಕರೆ. ಒಂದು ಕೆ.ಜಿ. ತಿರುಳಿಗೆ ಮುಕ್ಕಾಲರಿಂದ ಒಂದು ಕೆ.ಜಿ. ಸಕ್ಕರೆ ಬೇಕು. ಮುಗಿದ ಜಾಮಿನಲ್ಲಿ ನೂರಕ್ಕೆ ಅರವತ್ತೈದು ಭಾಗ ಸಕ್ಕರೆಯ ಅಂಶ ನಿಂತರೇನೇ ಅದು ಕೆಡದೆ ಉಳಿಯುವುದು. ರೇಷನ್ ಕಾರ್ಡಿನ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1978ರಲ್ಲಿ ಸರ್ಕಾರ ಸಕ್ಕರೆಯ ಮೇಲಿನ ನಿಯಂತ್ರಣ ತೆಗೆಯಿತು, 1979ರ ಕೊನೆಗೆ ಮತ್ತೆ ಹೇರಿತು. ಆ ಚಳಿಗಾಲ ನನಗೆ ಚೆನ್ನಾಗಿ ನೆನಪಿದೆ. ಮನೆಗೆ ಬಂದ ಸಕ್ಕರೆಯನ್ನು ಅಜ್ಜಿ ಹಬ್ಬಕ್ಕೆಂದು ಡಬ್ಬಿಯಲ್ಲಿ ಹಾಕಿ ಕೋಣೆಯ ಬೀಗ ಹಾಕಿದಳು. ಅಮ್ಮ ಒಂದು ಮಾತೂ ಆಡದೆ ಎರಡು ತಿಂಗಳು ತನ್ನ ಕಾಫಿಗೆ ಬೆಲ್ಲ ಹಾಕಿಕೊಂಡು ಕುಡಿದಳು. ತನ್ನ ಪಾಲಿನ ಸಕ್ಕರೆಯನ್ನು ಲೋಟದಲ್ಲಿ ಅಳೆದು ಕೂಡಿಸಿ, ಸಂಕ್ರಾಂತಿಯ ಮೊದಲು ಮೂರು ಬಾಟಲಿ ಜಾಮು ಮಾಡಿದಳು. ಯಾಕಿಷ್ಟು ಹಟ ಎಂದು ನನಗಾಗ ತಿಳಿಯಲಿಲ್ಲ. ಮಾಡಿದ ಜಾಮನ್ನು ಎಲ್ಲರಿಗಿಂತ ಹೆಚ್ಚು ತಿಂದವಳು ಅಜ್ಜಿಯೇ. ಹಲ್ಲಿಲ್ಲದ ಬಾಯಿಗೆ ಅದು ಹಿತವಾಗಿತ್ತು.

1988ರಲ್ಲಿ ನಾನು ಬಿ.ಎ. ಓದುತ್ತಿದ್ದೆ. ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಕೆ.ಜಿ.ಎಫ್.ಗೆ ಹೋಗಿಬರುತ್ತಿದ್ದೆ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ಒಂದೊಂದೇ ಸ್ಟೇಷನ್ ಬರುವಾಗ ಕಿಟಕಿಯಾಚೆ ಸಯನೈಡ್ ದಿಬ್ಬಗಳು ಬೆಳ್ಳಗೆ ಕಾಣುತ್ತಿದ್ದವು. ಒಂದು ಸಂಜೆ ಹಿಂದಿರುಗುವಾಗ ಮಧ್ಯಾಹ್ನ ಉಳಿಸಿದ್ದ ಚಪಾತಿಯನ್ನು ಬಿಚ್ಚಿದೆ. ಎದುರಿಗೆ ಗೌನು ತೊಟ್ಟ, ತಲೆ ನರೆತ ಆಂಗ್ಲೋ-ಇಂಡಿಯನ್ ಅಮ್ಮ ಒಬ್ಬರು ಕುಳಿತಿದ್ದರು. ಹಿಂದೆ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರಂತೆ. ನೋಡುತ್ತಿದ್ದಾರಲ್ಲ ಎಂದು ಒಂದು ಚಪಾತಿ ಸುರುಳಿ ಕೊಟ್ಟೆ. ಮರ್ಯಾದೆಗೆ ಒಂದು ತುತ್ತು ತಿಂದವರು ಅಗಿಯುವುದನ್ನು ನಿಲ್ಲಿಸಿದರು. ಇನ್ನೊಂದು ತುತ್ತು ತಿಂದು, ತಮಿಳು ಇಂಗ್ಲಿಷು ಬೆರೆಸಿ, ಈ ಜಾಮು ಎಲ್ಲಿಯದು ಎಂದು ಕೇಳಿದರು. ಅಮ್ಮ ಮಾಡಿದ್ದು ಎಂದೆ. ಅವರು ಒಂದು ಹೆಸರು ಹೇಳಿದರು. ಹೆಸರಿನ ಹಿಂದೆ ‘ಬಟ್ಲರ್’ ಎಂದು ಸೇರಿಸಿದರು. "ಇದು ಅವನ ಕೈ. ಕಹಿ ಇದೆ ನೋಡು, ಇದು ಅವನದೇ. ಮೈಸೂರ್ ಮೈನಿನ ಬಂಗಲೆಯಲ್ಲಿದ್ದ. ನಾವು ಹುಡುಗಿಯರು ಕ್ರಿಸ್ಮಸ್ಸಿಗೆ ಹೋದಾಗ ಹಿಂಬಾಗಿಲಲ್ಲಿ ನಿಂತು ಕೊಡುತ್ತಿದ್ದ" ಎಂದರು.

ಅದು ನನ್ನ ತಾತನ ಹೆಸರು. ಅಮ್ಮನ ತಂದೆ. ನಾನು ಮೂರು ವರ್ಷದವಳಿರುವಾಗಲೇ ತೀರಿಕೊಂಡವನು. ನಮ್ಮ ಮನೆಯಲ್ಲಿ ಅವನ ಬಗ್ಗೆ ಇದ್ದದ್ದು ಒಂದೇ ಮಾತು, "ಕಂಪನಿಯಲ್ಲಿದ್ದರು".

ನಾನು ಮಾಡಿದ ಕೆಲಸವನ್ನು ಈಗ ನೆನೆದರೂ ಮೈ ಬಿಸಿಯಾಗುತ್ತದೆ. ಚರಿತ್ರೆ ಓದುವ ಹುಡುಗಿ ನೋಡಿ, ಏನೋ ಶಾಸನ ಸಿಕ್ಕಿದ ಹಾಗೆ ಕುಣಿಯುತ್ತಾ ಮನೆಗೆ ಬಂದೆ. ಜಗಲಿಯಲ್ಲಿ ಅಜ್ಜಿ, ಅಪ್ಪ, ಪಕ್ಕದ ಮನೆಯ ಇಬ್ಬರು ಹೆಂಗಸರು ಕುಳಿತಿದ್ದರು. "ಅಮ್ಮಾ, ತಾತ ದೊರೆಗಳ ಬಂಗಲೆಯಲ್ಲಿ ಅಡಿಗೆ ಮಾಡುತ್ತಿದ್ದನಂತೆ, ನಿಜವಾ? ಈ ಜಾಮು ಅವನದಂತೆ" ಎಂದು ಕೂಗಿ ಕೇಳಿದೆ. ಅಮ್ಮ ಒಳಗಿನಿಂದ ಬಂದವಳು ಹೊಸ್ತಿಲಿನ ಆಚೆಯೇ ನಿಂತಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅಪ್ಪ ಎದ್ದು ಬೀದಿಗೆ ಹೋದರು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಏನೇನು ಬೇಯಿಸುತ್ತಿದ್ದರೋ, ಆ ಪಾತ್ರೆಯಲ್ಲೇನಾ ಇದನ್ನು ಮಾಡೋದು?"

ಪಾತ್ರೆ ಎಂದರೆ ಅಮ್ಮನ ಮದುವೆಗೆ ತಾತ ಕೊಟ್ಟ ಅಗಲ ಬಾಯಿಯ, ದಪ್ಪ ತಳದ ಹಿತ್ತಾಳೆ ಬಾಣಲೆ. ಅದರ ತಳದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು ಸವೆದು ಕಾಣುತ್ತಿದ್ದವು. ಇಪ್ಪತ್ತೆರಡು ವರ್ಷ ಯುಗಾದಿಯ ಪಾಯಸವನ್ನೂ ಅದರಲ್ಲೇ ಕಾಯಿಸಿದ್ದರು, ಹಿತ್ತಾಳೆಯ ತೂಕವನ್ನು ಬಂದವರಿಗೆಲ್ಲ ಎತ್ತಿ ತೋರಿಸಿದ್ದವಳು ಅಜ್ಜಿಯೇ. ಆ ದಿನದಿಂದ ಅವಳು ಜಾಮು ಮುಟ್ಟಲಿಲ್ಲ. 1994ರಲ್ಲಿ ತೀರಿಕೊಳ್ಳುವವರೆಗೂ ಮುಟ್ಟಲಿಲ್ಲ. ಜಗಳವೇನೂ ಆಗಲಿಲ್ಲ. ಅಮ್ಮ ನನ್ನನ್ನು ಬಯ್ಯಲೂ ಇಲ್ಲ. ಬುತ್ತಿಗೆ ಮಾತ್ರ ಮತ್ತೆ ಎಂದೂ ಜಾಮು ಹಾಕಲಿಲ್ಲ. ಬಾಣಲೆ ಅಟ್ಟ ಸೇರಿತು.

1966ರಲ್ಲಿ ಅಮ್ಮನ ಸಂಬಂಧ ಕುದುರಿಸುವಾಗ ಹುಡುಗಿಯ ತಂದೆ ಕಂಪನಿಯಲ್ಲಿದ್ದಾರೆ ಎಂದಿದ್ದು ಸುಳ್ಳೇನಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ತಾತ ಕೆಲಸಕ್ಕಿದ್ದ ಬಂಗಲೆಯೂ ಖಾಲಿಯಾಯಿತು. ಹೋಗುವಾಗ ದೊರೆಸಾನಿ ಜಾಮಿನ ಬಾಣಲೆಯನ್ನು ಅವನಿಗೆ ಕೊಟ್ಟುಹೋದಳು. ಆಮೇಲೆ ಹೇಗೋ ಅವನಿಗೆ ಗಣಿಯ ಸ್ಟೋರಿನಲ್ಲಿ ಅಟೆಂಡರ್ ಕೆಲಸವಾಯಿತು. ಅದಕ್ಕೆ ಹಿಂದಿನ ಇಪ್ಪತ್ತೆರಡು ವರ್ಷಗಳನ್ನು ನುಂಗಿಕೊಂಡರು, ಅಷ್ಟೆ. ಭೂಮಿಯ ಕೆಳಗೆ ಇಳಿದು ಬಂಡೆ ಒಡೆದವನಿಗೆ ನಮ್ಮ ಕಡೆ ಒಂದು ಮರ್ಯಾದೆ ಇತ್ತು. ಬಂಗಲೆಯಲ್ಲಿ ಸೌಟು ಹಿಡಿದವನಿಗೆ ಇರಲಿಲ್ಲ.

ಇದನ್ನೆಲ್ಲ ನಾನು ಅಮ್ಮನ ಬಾಯಿಂದ ಕೇಳಿದ್ದು 2001ರಲ್ಲಿ. ಆ ವರ್ಷ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಸೋದರಮಾವನ ಕೆಲಸ ಹೋಯಿತು. ಲೈನು ಮನೆಗಳಲ್ಲಿ ಗಂಡಸರು ಮುಂಬಾಗಿಲಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಅದುವರೆಗೆ ಸೈರನ್ನಿಗೆ ಏಳುತ್ತಿದ್ದವರು, ಸೈರನ್ನಿಗೆ ಮಲಗುತ್ತಿದ್ದವರು. ಎಷ್ಟೋ ಮಂದಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಸೆಕ್ಯುರಿಟಿ ಕೆಲಸಕ್ಕೆ ಹೋಗಿಬರತೊಡಗಿದರು. ಒಂದು ಭಾನುವಾರ ಅಮ್ಮ ಅಪ್ಪನ ಕೈಯಲ್ಲಿ ಅಟ್ಟದಿಂದ ಬಾಣಲೆ ಇಳಿಸಿದಳು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆದಳು. "ನಿನ್ನ ಅತ್ತೆಗೆ ಹೇಳಿಕೊಟ್ಟು ಬರ್ತೀನಿ, ಬಾ" ಎಂದು ನನ್ನನ್ನೂ ಹೊರಡಿಸಿ, ಬಾಣಲೆಯನ್ನು ಚೀಲದಲ್ಲಿ ಕಟ್ಟಿ ರೈಲು ಹತ್ತಿದಳು. ಆಗ ಅವಳಿಗೆ ಐವತ್ತನಾಲ್ಕು.

ಲೈನಿನ ಏಳೆಂಟು ಹೆಂಗಸರು ಸುತ್ತ ಕುಳಿತಿದ್ದರು. ಅಮ್ಮ ಮೊದಲು ಹೇಳಿದ ಮಾತು, "ನಮ್ಮಪ್ಪ ಬಟ್ಲರ್ ಆಗಿದ್ದರು. ಅವರು ಮಾಡ್ತಿದ್ದ ಹಾಗೆ ಹೇಳಿಕೊಡ್ತೀನಿ." ನನ್ನ ಕಡೆ ನೋಡಲಿಲ್ಲ. ನಾನು ಸೀಬೆ ಹೆಚ್ಚುತ್ತಾ ತಲೆ ತಗ್ಗಿಸಿಯೇ ಇದ್ದೆ.

ಅವಳು ಹೇಳಿಕೊಟ್ಟ ಕ್ರಮ ಇದು. ಹಣ್ಣು ಚಳಿಗಾಲದ ಬೆಳೆಯದಾಗಬೇಕು, ಮಳೆಗಾಲದ ಸೀಬೆ ನೀರು ನೀರು. ಮುಕ್ಕಾಲು ಪಾಲು ಹಣ್ಣಾದದ್ದು, ಕಾಲು ಪಾಲು ದೋರುಗಾಯಿ. ಪೂರಾ ಕಳಿತದ್ದರಲ್ಲಿ ಪರಿಮಳವಿರುತ್ತದೆ, ಹಿಡಿತವಿರುವುದಿಲ್ಲ. ಜಾಮಿಗೆ ಹಿಡಿತ ಕೊಡುವ ಪೆಕ್ಟಿನ್ ಎಂಬ ಅಂಶ ದೋರುಗಾಯಿಯಲ್ಲೇ ಹೆಚ್ಚು ಎಂದು ಮುಂದೆ ನಾನು ಓದಿ ತಿಳಿದೆ. ಹೆಚ್ಚಿದ ಹಣ್ಣು ಮುಳುಗುವಷ್ಟು ನೀರಿಟ್ಟು ಮೆತ್ತಗೆ ಬೇಯಿಸಿ, ಜರಡಿಯಲ್ಲಿ ಉಜ್ಜಿ ತಿರುಳು ತೆಗೆಯಬೇಕು. ಬೀಜವನ್ನು ಎಸೆಯದೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಯುವ ತಿರುಳಿನಲ್ಲೇ ಇಳಿಬಿಡಬೇಕು. ಕೆ.ಜಿ. ತಿರುಳಿಗೆ ಎರಡು ನಿಂಬೆಹಣ್ಣಿನ ರಸ. ಹುಳಿ ಇಲ್ಲದಿದ್ದರೆ ಎಷ್ಟು ಕುದಿಸಿದರೂ ಪಾಕವಾಗುತ್ತದೆಯೇ ಹೊರತು ಜಾಮಾಗುವುದಿಲ್ಲ. ಪರಂಗಿಯನ್ನು ಒಂದೇ ನಂಬಿದರೆ ಕೈ ಕೊಡುತ್ತದೆ, ಅದಕ್ಕೆ ಸೀಬೆಯ ಜೊತೆ ಬೇಕು. ಮುಗಿದ ಕೂಡಲೇ ಬಾಣಲೆಯಿಂದ ತೆಗೆದುಬಿಡಬೇಕು, ಹಿತ್ತಾಳೆಯಲ್ಲಿ ಹುಳಿ ತಣಿದರೆ ಕಿಲುಬು. ಬಿಸಿಯಿರುವಾಗಲೇ ಕುದಿನೀರಲ್ಲಿ ಬೇಯಿಸಿ ಒಣಗಿಸಿದ ಬಾಟಲಿಗೆ ತುಂಬಬೇಕು.

ಬಾಟಲಿಗಳನ್ನು ನೆಲದ ಮೇಲೆ ಯಾಕೆ ಇಡಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ. ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದಾಗಲೆಲ್ಲ ಮೇಲಿನ ಮನೆಗಳು ನಡುಗುತ್ತಿದ್ದವು. ಗೂಡಿನ ಗಾಜು ಉಳಿಯುತ್ತಿರಲಿಲ್ಲ. ಚಾಂಪಿಯನ್ ಗಣಿಯೊಂದೇ ಮೂರು ಕಿಲೋಮೀಟರಿಗಿಂತ ಆಳವಿತ್ತು. ಆ ಹೆಂಗಸರೆಲ್ಲ ಹಾಗೆಯೇ ಇಟ್ಟು ಬೆಳೆದವರು. ಮೂವತ್ತೈದು ವರ್ಷ ಬಂಗಾರಪೇಟೆಯ ಗಟ್ಟಿ ನೆಲದ ಮೇಲೆ ಬದುಕಿಯೂ ಅಮ್ಮನ ಕೈ ಆ ಅಭ್ಯಾಸ ಬಿಟ್ಟಿರಲಿಲ್ಲ.

ಸಾಸರಿನ ಕತೆಯೂ ಆ ದಿನವೇ ಹೊರಬಂತು. ದೊರೆಸಾನಿಯ ಇಂಗ್ಲಿಷ್ ಪುಸ್ತಕದಲ್ಲಿ ಜಾಮು 220 ಡಿಗ್ರಿ ಫ್ಯಾರನ್‌ಹೀಟ್ ಬಿಸಿಗೆ ಬಂದಾಗ ಇಳಿಸಬೇಕೆಂದು ಇತ್ತಂತೆ. ಆಕೆ ಬಾಣಲೆಗೆ ಉಷ್ಣಮಾಪಕ ತೂಗುಹಾಕಿ ನಿಂತಳು. ಜಾಮು ಕಂದಿಹೋಗಿ, ಚಮಚ ನಿಲ್ಲುವಷ್ಟು ಗಟ್ಟಿಯಾಗಿ, ಬಯ್ಗುಳ ತಾತನಿಗೆ ಬಂತು. ಮರುವರ್ಷದಿಂದ ತಾತ ಒಂದು ಉಪಾಯ ಮಾಡಿದ. ಸಾಸರಿನ ಮೇಲೆ ಹನಿ ಸುಕ್ಕಾದ ಕೂಡಲೇ ಇಳಿಸಿಬಿಟ್ಟು, "ಟೂ ಟ್ವೆಂಟಿ, ಮೇಡಂ" ಎಂದು ಒಳಗೆ ಕೂಗಿ ಹೇಳುತ್ತಿದ್ದ. ಜಾಮು ಸೊಗಸಾಗಿ ಬರುತ್ತಿತ್ತು, ಆಕೆ ಪುಸ್ತಕವನ್ನು ಹೊಗಳುತ್ತಿದ್ದಳು. ಲೈನಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಅನುಮಾನ ಉಳಿಯಿತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿದೆ. ಸಮುದ್ರಮಟ್ಟದಲ್ಲಿ ನೀರು 212 ಡಿಗ್ರಿಗೆ ಕುದಿಯುತ್ತದೆ, ಜಾಮು ಹಿಡಿಯುವುದು ಅದಕ್ಕಿಂತ ಸುಮಾರು ಎಂಟು ಡಿಗ್ರಿ ಮೇಲೆ. ಕೆ.ಜಿ.ಎಫ್. ಇರುವುದು ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದಲ್ಲಿ. ಇಲ್ಲಿ ನೀರು ಕುದಿಯುವುದೇ 207ರ ಸುಮಾರಿಗೆ. ಅಂದರೆ ಜಾಮು 215ಕ್ಕೇ ಆಗಿಹೋಗುತ್ತದೆ. ಪುಸ್ತಕ ಇಂಗ್ಲೆಂಡಿಗೆ ಸರಿ, ಸಾಸರು ನಮ್ಮೂರಿಗೆ ಸರಿ. ಓದು ಬಾರದ ತಾತ ಹೇಳಿದ ಆ ಸುಳ್ಳಿನೊಳಗೆ ಎಷ್ಟು ಭೂಗೋಳ ಇತ್ತೆಂದು ನಾನು ಎಷ್ಟೋ ತರಗತಿಗಳಿಗೆ ಹೇಳಿದ್ದೇನೆ. ಅಡಿಗೆಯವನು ಯಾರು ಎಂಬುದನ್ನೂ ಹೇಳುತ್ತೇನೆ.

ಹೇರಳೆಯೂ ತಾತನದೇ ಬುದ್ಧಿ. ದೊರೆಗಳಿಗೆ ಕಹಿ ಕಿತ್ತಳೆಯ ಮಾರ್ಮಲೇಡ್ ಬೇಕು, ಸ್ಪೇನಿನ ಆ ಕಿತ್ತಳೆ ಇಲ್ಲಿಲ್ಲ. ನಮ್ಮ ಹೇರಳೆಯ ಸಿಪ್ಪೆಯಲ್ಲಿ ಅಂಥದೇ ಕಹಿಯಿದೆಯೆಂದು ಕಂಡುಕೊಂಡವನು ಅವನು. ಮಿಕ್ಕ ಸಿಪ್ಪೆಯನ್ನು ಒಣಗಿಸಿ ಸೀಬೆಯ ಜಾಮಿಗೂ ಹಾಕತೊಡಗಿದ.

ವ್ಯಾಪಾರದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳುವಂಥದ್ದು ಹೆಚ್ಚಿಲ್ಲ. ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳು ಆಗತಾನೆ ಶುರುವಾಗಿದ್ದವು. ಅತ್ತೆಯ ಗುಂಪಿನವರು ಎರಡು ಚಳಿಗಾಲ ಜಾಮು ಮಾಡಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಕೈಯಲ್ಲಿ ರೈಲಿನಲ್ಲಿ ಮಾರಿಸಿದರು. ಅಂಗಡಿಗಳಿಗೆ ಕೊಡಬೇಕಾದರೆ ಆಗ 1955ರ ಹಣ್ಣಿನ ಪದಾರ್ಥಗಳ ಆದೇಶದ ಪ್ರಕಾರ ಲೈಸೆನ್ಸ್ ಬೇಕಿತ್ತು. ಹಣ್ಣು ನೂರಕ್ಕೆ 45 ಭಾಗಕ್ಕೆ ಕಡಿಮೆಯಿರಬಾರದು ಎಂಬ ನಿಯಮ ನಮಗೆ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಟೈಲ್ಸ್ ಹಾಕಿದ ಪ್ರತ್ಯೇಕ ಕೋಣೆ, ನೀರಿನ ಪರೀಕ್ಷೆ, ಇವೆಲ್ಲ. ಹನ್ನೆರಡು ಅಡಿಯ ಲೈನು ಮನೆಯಲ್ಲಿ ಪ್ರತ್ಯೇಕ ಕೋಣೆಯನ್ನು ಎಲ್ಲಿಂದ ತರುವುದು? ಖಾಲಿ ಬಾಟಲಿಯ ಬೆಲೆಯೂ ಹಣ್ಣಿನ ಬೆಲೆಗೆ ಸಮನಾಗಿ ನಿಂತಿತು. ಮೂರನೆಯ ವರ್ಷ ಅತ್ತೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿತ್ತು. ಅಮ್ಮ ಬಾಣಲೆಯನ್ನು ಮನೆಗೆ ತಂದಳು. ಅಟ್ಟಕ್ಕೆ ಏರಿಸಲಿಲ್ಲ.

2016ರಲ್ಲಿ ಅಮ್ಮ ಹೋದಳು. ಈಗ ಬಾಣಲೆ ನನ್ನ ಮನೆಯಲ್ಲಿದೆ, ಪ್ರತಿ ಜನವರಿಯಲ್ಲಿ ಒಮ್ಮೆ ಒಲೆಯ ಮೇಲೆ ಏರುತ್ತದೆ. ಬೆಂಗಳೂರಿನಲ್ಲಿರುವ ಮಗಳು ಎಷ್ಟು ನಿಮಿಷ ಕುದಿಸಬೇಕು ಎಂದು ಫೋನಿನಲ್ಲಿ ಕೇಳುತ್ತಾಳೆ. ಸಾಸರು ಇಟ್ಟುಕೋ ಎನ್ನುತ್ತೇನೆ. ಅವಳ ಮನೆಯಲ್ಲಿ ಪಿಂಗಾಣಿ ಸಾಸರೇ ಇಲ್ಲವಂತೆ, ಎಲ್ಲರೂ ಮಗ್ಗಿನಲ್ಲಿ ಕಾಫಿ ಕುಡಿಯುತ್ತಾರೆ.

ಆ ಎರಡು ಚಳಿಗಾಲ ಬಾಟಲಿಗಳಿಗೆ ಚೀಟಿ ಬರೆದುಕೊಟ್ಟವಳು ನಾನು. ನನ್ನ ಬೋರ್ಡಿನ ಅಕ್ಷರ ದುಂಡಗಿದೆ ಎಂದು ಅತ್ತೆ ಒಪ್ಪಿಸಿದ್ದಳು. ಗುಂಪಿಗೆ ದೇವರ ಹೆಸರಿತ್ತು, ಅದನ್ನೇ ಬರೆಯೋಣ ಎಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಬಟ್ಲರ್ ಜಾಮು ಅಂತ ಬರಿ. ಕೆಳಗೆ ನಿಮ್ಮ ತಾತನ ಹೆಸರು ಬರಿ" ಎಂದಳು. ಹಾಗೇ ಬರೆದೆ, ಮುನ್ನೂರಕ್ಕೂ ಹೆಚ್ಚು ಚೀಟಿ. ಅಂಟಿಸದೆ ಉಳಿದ ಹನ್ನೊಂದು ಚೀಟಿಗಳು ಅಮ್ಮನ ಟ್ರಂಕಿನಲ್ಲಿ, ಅವಳ ಮದುವೆಯ ಲಗ್ನಪತ್ರಿಕೆಯ ಜೊತೆ ಒಂದೇ ಕವರಿನಲ್ಲಿ ಸಿಕ್ಕವು.